ಡ್ರಮ್ಮಿಗೆ ಹೋದ ತಲೆ

ಜೆದ್ದಾದ ನಮ್ಮ ಜಿಪ್ಸಮ್ ವರ್ಕ್‌ಶಾಪಿಗೆ ಪ್ಯಾರಿಸ್ಸಿನಿಂದ ಶಿಲ್ಪಿಯೊಬ್ಬ ಬರುತ್ತಾನೆ ಎಂದಾಗ ನಾನು ಉದ್ದ ಗಡ್ಡ, ಓರೆ ಟೊಪ್ಪಿ, ಕುತ್ತಿಗೆಗೆ ರೇಷ್ಮೆ ವಸ್ತ್ರ ಎಲ್ಲವನ್ನೂ ಕಲ್ಪಿಸಿಕೊಂಡಿದ್ದೆ. ಬಂದವನು ನಮ್ಮೂರಿನ ನಿವೃತ್ತ ಪೋಸ್ಟ್‌ಮಾಸ್ಟರನ ಹಾಗಿದ್ದ. ಅರವತ್ತು ದಾಟಿದ ಮುದುಕ, ಕಿಸೆಯಲ್ಲಿ ಎರಡು ಕನ್ನಡಕ. ಮೊದಲ ದಿನವೇ, ನಾನು ವರ್ಷಗಟ್ಟಲೆ ಹೆಮ್ಮೆಪಟ್ಟುಕೊಂಡಿದ್ದ ಕಂಬದ ಬಳ್ಳಿಯನ್ನು ನೋಡಿ, ಇದು ಎಲೆಯಲ್ಲ, ಬೇಯಿಸಿದ ಸೊಪ್ಪು ಎಂದ. ನನಗೆ ಮೈಯೆಲ್ಲ ಉರಿದುಹೋಯಿತು.

ನಾನು ಅಲ್ಲಿ ಅಚ್ಚು ವಿಭಾಗದ ಫೋರ್‌ಮನ್. ಉಡುಪಿ ಕಡೆಯವನು. ಅಪ್ಪ ಚೌತಿಗೆ ಮಣ್ಣಿನ ಗಣಪತಿ ಮಾಡುತ್ತಿದ್ದವರು. ಎರಡು ತಿಂಗಳು ಕೂತು ಮಾಡುವುದು, ಒಂದು ಸಂಜೆ ಕೆರೆಗೆ ಬಿಡುವುದು, ಮನೆಗೆ ಬಂದು ಊಟ ಮಾಡುವುದು. ಮಣ್ಣು ಎಂದರೆ ಕೊನೆಗೆ ನೀರಿಗೆ ಹೋಗತಕ್ಕದ್ದು ಎಂಬುದು ನನ್ನ ಕೈಗೆ ಹುಟ್ಟಿನಿಂದಲೇ ಗೊತ್ತು. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅವನ ಜೀವನಚರಿತ್ರೆ ನನಗೆ ಚಹಾದ ಹೊತ್ತಿನಲ್ಲಿ ಕಂತುಕಂತಾಗಿ ಸಿಕ್ಕಿತು. ನನ್ನದು ಹರುಕು ಇಂಗ್ಲಿಷು, ಅವನದು ಮುರುಕು ಇಂಗ್ಲಿಷು, ಹಾಗಾಗಿ ಚೆನ್ನಾಗಿ ಅರ್ಥವಾಗುತ್ತಿತ್ತು. ಅವನು ಕಲಿತದ್ದು ಹಳೇ ಕಲಾಶಾಲೆಯ ಹಳೇ ಪದ್ಧತಿ. ಎರಡು ವರ್ಷ ಬರೀ ಪ್ಲಾಸ್ಟರಿನ ಮೂಗು ಕಿವಿ ನೋಡಿ ಚಿತ್ರ ಬರೆಯಬೇಕು, ಆಮೇಲೆ ಎಲುಬು, ಆಮೇಲೆ ಮಾಂಸಖಂಡ, ಆಮೇಲಷ್ಟೇ ಜೀವಂತ ಮನುಷ್ಯ. ಹಾಗೆ ಕಲಿತು ಮೂವತ್ತು ವರ್ಷ ಮೇಯರುಗಳನ್ನೂ ಕುದುರೆ ಏರಿದ ಜನರಲ್‌ಗಳನ್ನೂ ಚರ್ಚಿನ ದೇವದೂತರನ್ನೂ ಮಾಡಿದ. ಅಷ್ಟರಲ್ಲಿ ಆ ದೇಶದಲ್ಲಿ ಗಾಳಿ ತಿರುಗಿತು. ತಗಡು ಬಗ್ಗಿಸಿ ‘ಏಕಾಂತ’ ಎಂದು ಹೆಸರಿಟ್ಟವನಿಗೆ ಬಹುಮಾನ, ಇವನಿಗೆ ಮನೆಯೇ ಗತಿ. ಕೊನೆಗೆ ಒಬ್ಬ ಸಿರಿವಂತನ ಮದುವೆ ಹಾಲ್‌ನ ಗೋಡೆಗೆ ಪ್ಲಾಸ್ಟರಿನ ಎಲೆ, ದ್ರಾಕ್ಷಿ ಮಾಡಿಕೊಡಲು ಎರಡು ವರ್ಷದ ಕರಾರಿನ ಮೇಲೆ ಜೆದ್ದಾಕ್ಕೆ ಬಂದ. ಅಲ್ಲಿಯ ಕಟ್ಟಳೆಯಂತೆ ನಮ್ಮ ವರ್ಕ್‌ಶಾಪಿನಲ್ಲಿ ಮನುಷ್ಯರ ಮುಖ, ಪ್ರಾಣಿಗಳ ಮುಖ ಮಾಡುವಂತಿಲ್ಲ. ಮುಖ ಮಾಡಲೆಂದೇ ಹುಟ್ಟಿದವನು ದ್ರಾಕ್ಷಿ ಉಂಡೆ ಕಟ್ಟುತ್ತ ಕೂತ.

ಅವನ ಹೆಂಡತಿ ತೀರಿಕೊಂಡು ಹೂಳುವ ದಿನವೂ ಅವನು ಯಾವುದೋ ಜನರಲ್ಲನ ಕುದುರೆಯ ಬಾಲ ಮುಗಿಸುತ್ತಿದ್ದನಂತೆ. ಸ್ಮಶಾನಕ್ಕೆ ಕೈಯಲ್ಲಿ ಪ್ಲಾಸ್ಟರ್ ಮೆತ್ತಿಕೊಂಡೇ ಓಡಿ ಬಂದ, ಎಲ್ಲ ಮುಗಿದಿತ್ತು. ಒಬ್ಬಳೇ ಮಗಳು ಅಂದಿನಿಂದ ಅವನೊಡನೆ ಮಾತು ಬಿಟ್ಟಳು. ಆ ಜನರಲ್ಲನನ್ನು ಆಮೇಲೆ ಕಾರ್ ಪಾರ್ಕಿಂಗಿಗಾಗಿ ಕಿತ್ತು ಹಾಕಿದರು, ಅದು ಬೇರೆ ಮಾತು. ಮಗಳು ಚಿಕ್ಕವಳಿದ್ದಾಗ ಅವಳೇ ಅವನ ಮಾಡೆಲ್. ಮರದ ಪೀಠದ ಮೇಲೆ ನಿಲ್ಲಿಸಿ, ಗಂಟೆಗೊಮ್ಮೆ ಕಾಲು ಸುತ್ತು ತಿರುಗಿಸುತ್ತಿದ್ದ. ಮುಂದೆ, ಎಡ, ಹಿಂದೆ, ಬಲ. ಕದಲಬೇಡ ಎನ್ನುವುದೊಂದೇ ತಾನು ಅವಳಿಗೆ ಹೇಳಿದ ಮಾತು ಎಂದು ಅವನೇ ಬೈದುಕೊಳ್ಳುತ್ತಿದ್ದ.

ಕರಾರು ಮುಗಿಯಲು ಒಂದು ತಿಂಗಳಿದ್ದಾಗ ಅವನು ನನ್ನನ್ನು ಗೋದಾಮಿನ ಹಿಂದೆ ಕರೆದುಕೊಂಡು ಹೋಗಿ ಒದ್ದೆ ಬಟ್ಟೆ ಎತ್ತಿದ. ಕೋಲೊಂದರ ಮೇಲೆ ಹುಡುಗಿಯೊಬ್ಬಳ ಮಣ್ಣಿನ ತಲೆ. ಏಳು ವರ್ಷದಿಂದ ಕಾಣದ ಮಗಳನ್ನು ನೆನಪಿನಿಂದ ಮಾಡಿದ್ದ. ಪ್ಲಾಸ್ಟರಿನಲ್ಲಿ ಎರಕ ಹೊಯ್ದು ಅವಳ ಬಾಗಿಲಿಗೆ ಒಯ್ಯುವುದು ಅವನ ಲೆಕ್ಕಾಚಾರ. ಬರಿಗೈಯಲ್ಲಿ ಹೋದರೆ ಅವಳು ಬಾಗಿಲು ತೆರೆಯುವುದಿಲ್ಲ ಎಂದ. ನಾನೂ ಒಪ್ಪಿದೆ, ಮರುದಿನ ಅಚ್ಚು ತೆಗೆಯುವುದೆಂದು ನಿಶ್ಚಯಿಸಿದೆವು.

ಮರುದಿನ ಬೆಳಿಗ್ಗೆ ಅವನು ಮದುವೆ ಹಾಲ್‌ಗೆ ಹೋಗಿದ್ದಾಗ ಮ್ಯಾನೇಜರ್ ಫೋನ್ ಮಾಡಿ, ಬಲದಿಯಾದವರು, ಅಂದರೆ ನಗರಸಭೆಯವರು, ತಪಾಸಣೆಗೆ ಬರುತ್ತಿದ್ದಾರೆ, ಯಲ್ಲಾ, ಬೇಗ ಎಲ್ಲ ಸರಿ ಮಾಡಿಡು ಎಂದರು. ಮುಖ ಕಂಡರೆ ಮುದುಕನ ಗತಿಯೇನು, ನನ್ನ ಇಕಾಮಾದ, ಅಂದರೆ ಅಲ್ಲಿರುವ ಪರವಾನಗಿಯ, ಗತಿಯೇನು? ಓಡಿದೆ, ತಲೆಯನ್ನು ಕೋಲಿನ ಮೇಲಿಂದ ಕಿತ್ತೆ, ಹಳೇ ಮಣ್ಣು ನೆನೆಹಾಕುವ ಡ್ರಮ್ಮಿಗೆ ಹಾಕಿದೆ. ಅಷ್ಟಕ್ಕೇ ಬಿಟ್ಟಿದ್ದರೂ ಅರ್ಧ ಉಳಿಯುತ್ತಿತ್ತು. ಚೆನ್ನಾಗಿ ಹಿಸುಕಿ ಕದಡಿದೆ. ಕೆರೆಯ ದಂಡೆಯಲ್ಲಿ ಅಪ್ಪ ಕಲಿಸಿದ ಕೆಲಸ, ಅರೆಬರೆ ಬಿಡಬಾರದು.

ಬಂದವರು ಬೆಂಕಿ ಆರಿಸುವ ಸಿಲಿಂಡರಿನ ತಾರೀಕು ನೋಡಿದರು, ಅವಧಿ ಮುಗಿದಿದೆ ಎಂದರು, ಚಹಾ ಕುಡಿದು ಹೋದರು. ಗೋದಾಮಿನ ಕಡೆ ತಲೆ ಕೂಡ ಹಾಕಲಿಲ್ಲ.

ಮುದುಕ ಬಂದು ಡ್ರಮ್ಮಿನೊಳಗೆ ನೋಡಿದ. ಬಯ್ಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಒದ್ದೆ ಬಟ್ಟೆಯನ್ನು ಹಿಂಡಿ, ಮಡಚಿ, ಕೋಲಿಗೆ ನೇತುಹಾಕಿ ದ್ರಾಕ್ಷಿ ಮಾಡಲು ಹೋದ. ನನಗೆ ನಾಚಿಕೆಯಿಂದ ಸಾಯುವ ಹಾಗಾಯಿತು.

ಅಜೀಜಿಯಾದ ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಮೀನು ಕೊಯ್ಯುವುದನ್ನು ನಿಲ್ಲಿಸಿದಳು.

“ಎಂತ ಮಾರಾಯ್ರೆ ನೀವು? ಕಾರಿನ ಡಿಕ್ಕಿ ಇರ್ಲಿಲ್ವಾ ನಿಮ್ಗೆ?”

ಡಿಕ್ಕಿ ನೆನಪಾಗಲೇ ಇಲ್ಲ ಎಂದೆ. ಹೇಗೆ ನೆನಪಾಗುತ್ತದೆ, ನಿಮ್ಮ ಮನೆಯವರಿಗೆ ಮಣ್ಣು ಕಂಡರೆ ಕೆರೆಯೊಂದೇ ನೆನಪಾಗುವುದು ಎಂದು ನನ್ನ ಇಡೀ ವಂಶವನ್ನು ಜಾಲಾಡಿದಳು. ಆಮೇಲೆ ಕೈ ತೊಳೆದುಕೊಂಡು ಬಂದು ಕೂತಳು.

“ಏಳು ವರ್ಷದ ಹಿಂದಿನ ಮುಖ ಇಟ್ಕೊಂಡು ಅವರಿಗೆಂತ ಆಗ್ಬೇಕು? ಈಗ ಹೇಗಿದ್ದಾಳೆ ಅಂತ ಕೇಳ್ಲಿಕ್ಕೆ ಹೇಳಿ. ಒಂದು ಫೋಟೋ ಕಳಿಸು ಅಂದ್ರೆ ಸಾಕಲ್ಲ.”

ಮರುದಿನ ಅದನ್ನೇ ಹೇಳಿದೆ. ಮಗಳ ನಂಬರ್ ಅವನ ಫೋನಿನಲ್ಲಿತ್ತು, ಏಳು ವರ್ಷದಿಂದ ಹಾಗೇ ಇತ್ತು. ಜನರಲ್‌ಗಳ ಮೀಸೆ ತಿರುವಿದ ಕೈ ಒಂದು ಸಾಲು ಬರೆಯಲು ಅರ್ಧ ಗಂಟೆ ತೆಗೆದುಕೊಂಡಿತು. ಬರೆದ, ಅಳಿಸಿದ, ಮತ್ತೆ ಬರೆದ. ಒಂದು ಫೋಟೋ ಕಳಿಸುತ್ತೀಯಾ, ತಲೆಯೊಂದನ್ನು ಮಾಡುತ್ತಿದ್ದೇನೆ ಎಂದಷ್ಟೇ. ಮತ್ತೆ ಅಳಿಸಲು ಬೆರಳು ಹೋದಾಗ ನಾನೇ ಫೋನ್ ಕಸಿದು ಕಳಿಸುವ ಗುಂಡಿ ಒತ್ತಿದೆ. ಒಮ್ಮೆ ಹಾಳು ಮಾಡಿದ ಕೈ, ಇನ್ನೊಮ್ಮೆ ಮಾಡಿದರೇನಂತೆ ಎನ್ನುವ ಧೈರ್ಯ. ಅವನು ಫ್ರೆಂಚಿನಲ್ಲಿ ಏನೋ ಅಂದ. ಅದು ಬೈಗುಳವೇ, ಭಾಷಾಂತರ ಬೇಕಾಗಲಿಲ್ಲ.

ಮಧ್ಯಾಹ್ನದವರೆಗೆ ಏನೂ ಬರಲಿಲ್ಲ. ಊಟದ ಹೊತ್ತಿಗೆ ಫೋನ್ ನಾಲ್ಕು ಸಲ ಕುಂಯ್‌ಗುಟ್ಟಿತು. ಅಕ್ಷರ ಒಂದೂ ಇಲ್ಲ, ಬರೀ ಫೋಟೋಗಳು. ಮೊದಲನೆಯದರಲ್ಲಿ ಮೂವತ್ತರ ಹೆಂಗಸೊಬ್ಬಳು ಕೂದಲು ಎತ್ತಿ ಕಟ್ಟಿ, ಬಿಳಿ ಗೋಡೆಯ ಮುಂದೆ, ನಗದೆ ನಿಂತಿದ್ದಳು. ಮೂಗು ಥೇಟ್ ಅಪ್ಪನದೇ. ಎರಡನೆಯದು ಎಡ ಮಗ್ಗುಲು. ಮೂರನೆಯದು ಹಿಂದಲೆ. ನಾಲ್ಕನೆಯದು ಬಲ ಮಗ್ಗುಲು.

ಅವನು ಒಂದು ಕನ್ನಡಕ ತೆಗೆದು ಇನ್ನೊಂದನ್ನು ಹಾಕಿಕೊಂಡ. ಅದನ್ನೂ ತೆಗೆದ. ಆಮೇಲೆ ದ್ರಾಕ್ಷಿಗೊಂಚಲುಗಳ ನಡುವೆ ಕೂತು ಸದ್ದು ಮಾಡಿಯೇ ಅತ್ತ. ನನಗೂ ತಡೆಯಲಾಗಲಿಲ್ಲ.

“ನೀನು ಮುಳುಗಿಸಿದ್ದು ಇವಳನ್ನಲ್ಲ,” ಎಂದ ಕೊನೆಗೆ. “ಮಣ್ಣು ಕಲಸು.”

ನಾನು ಡ್ರಮ್ಮಿನ ತಿಳಿನೀರು ಚೆಲ್ಲಿ, ಅಡಿಯಲ್ಲಿದ್ದ ಮಣ್ಣನ್ನೇ ತೆಗೆದು ಕಲಸಿದೆ.