ನಾದಿನಿಯ ಬೆಂಚಿನ ಮೇಲೆ ಸೀಲಕ್ಕ

ಶರ್ಟ್ ಫ್ಯಾಕ್ಟರಿಯಲ್ಲಿ ಕಾಲರ್ ಕೂರಿಸುವ ಆ ಹೆಂಗಸಿಗೆ ಸೀಲಕ್ಕ ಎನ್ನುವ ಹೆಸರು ಹುಟ್ಟಿದಾಗ ಇಟ್ಟದ್ದಲ್ಲ, ನಾದಿನಿಯ ಪುಣ್ಯದಿಂದ ಬಂದದ್ದು.

ಅವಳಿಗೆ ಗೋಧಿ, ಬಾರ್ಲಿ ಆಗುವುದಿಲ್ಲ. ಅದರಲ್ಲಿರುವ ಗ್ಲುಟನ್ ಎಂಬುದು ಒಂದಿಷ್ಟು ಒಳಗೆ ಹೋದರೂ ಕರುಳು ಜಗಳಕ್ಕೆ ನಿಂತುಬಿಡುತ್ತದೆ. ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. "ಬ್ರೆಡ್ಡು, ಬಿಸ್ಕತ್ತು ಬಿಟ್ರೆ ಮುಗೀತು ಅನ್ಕೋಬೇಡಿ. ಕುಡಿಯೋದರ ಮೇಲೂ ಕಣ್ಣಿಡಿ. ಕೋಲಾ, ನಿಂಬೆ ಸೋಡಾ ಸಾಮಾನ್ಯವಾಗಿ ಪರವಾಗಿಲ್ಲ. ಮಾಲ್ಟ್ ಅಂತಿದ್ರೆ ಅದು ಬಾರ್ಲೀದು, ಮುಟ್ಟಬೇಡಿ. ಬಾಟಲಿ ಮೇಲೆ ಬರೆದಿರೋದು ಓದಿ ಕುಡೀರಿ."

ಅವಳು ಒಪ್ಪಿಕೊಂಡಳು, ನಾದಿನಿ ಒಪ್ಪಲಿಲ್ಲ. ಫ್ಯಾಕ್ಟರಿ ಗೇಟಿಗೆ ಎದುರಾಗಿ ಜ್ಯೂಸಿನ ಅಂಗಡಿ ಇಟ್ಟಿದ್ದವಳು ಅವಳು. "ನಮ್ಮತ್ತಿಗೆದು ದೊಡ್ಡವರ ಮನೆ ಕಾಯಿಲೆ ಕಣ್ರೀ. ನಮ್ಮಂಥೋರಿಗೆ ಬರಲ್ಲ," ಎಂದು ಗಿರಾಕಿಗಳ ಮುಂದೆ ಮೂಗು ಮುರಿಯುತ್ತಿದ್ದಳು. ಅತ್ತಿಗೆ ಕೇಳಿಸಿಕೊಂಡೂ ಕೇಳದವಳಂತೆ ಇರುತ್ತಿದ್ದಳು.

ಫ್ಯಾಕ್ಟರಿಯಲ್ಲಿ ಸ್ಯಾಂಪಲ್ ಟೈಲರ್ ಜಾಗ ಖಾಲಿ ಬಿತ್ತು. ಹೊಸ ಮಾದರಿಯ ಮೊದಲ ಶರ್ಟನ್ನು ಕಿಟಕಿ ಪಕ್ಕ ಕೂತು ನಿಧಾನವಾಗಿ ಹೊಲಿಯುವ ಕೆಲಸ ಅದು. ಎಷ್ಟೋ ವರ್ಷದಿಂದ ಅವಳು ಆ ಕಿಟಕಿಯ ಮೇಲೆ ಕಣ್ಣಿಟ್ಟಿದ್ದಳು. ಆ ಜಾಗಕ್ಕೆ ಹೊಲಿಗೆ ಪರೀಕ್ಷೆ ಇಟ್ಟ ದಿನ ಬೆಳಿಗ್ಗೆ ನಾದಿನಿ ಅಂಗಡಿಯಿಂದಲೇ ಕೂಗಿದಳು: "ಅತ್ತಿಗೆ, ಗಂಟಲು ಒಣಗಿಸ್ಕೊಂಡು ಹೋಗ್ತೀರಾ? ಬನ್ನಿ, ಕೋಲಾನೇ ಇದು. ನಿಮಗೆ ಆಗುತ್ತಲ್ಲ?"

ಬಾಟಲಿ ಕಣ್ಣೆದುರೇ ಇತ್ತು. ಕೊಟ್ಟದ್ದೂ ಮನೆಯವಳ ಕೈ. ಲೋಟದಲ್ಲಿದ್ದದ್ದು ಸ್ವಲ್ಪ ಮಂದವಾಗಿತ್ತು, ಆದರೂ ಗಟಗಟ ಕುಡಿದು ಹೋದಳು.

ಪರೀಕ್ಷೆಯ ಶರ್ಟಿಗೆ ಎರಡನೆಯ ತೋಳು ಕೂರಿಸುವ ಹೊತ್ತಿಗೆ ಹೊಟ್ಟೆಯನ್ನು ಯಾರೋ ಒದ್ದೆ ಬಟ್ಟೆಯಂತೆ ಹಿಂಡತೊಡಗಿದರು. ಬಚ್ಚಲಿಗೂ ಮೆಷಿನ್ನಿಗೂ ಓಡಾಡಿ, ಕೊನೆಗೆ ಬಟ್ಟೆಯ ರಾಶಿಯ ಮೇಲೆ ಕುಸಿದಳು. ಕಿಟಕಿ ಪಕ್ಕದ ಜಾಗ ಕಫ್ ಹೊಲಿಯುವವಳಿಗೆ ಹೋಯಿತು.

ಹಾಸಿಗೆ ಹಿಡಿದವಳನ್ನು ನೋಡಲು ನಾದಿನಿ ಬಂದಳು. ಕೋಣೆಯಲ್ಲಿ ಇನ್ಯಾರೂ ಇರಲಿಲ್ಲ. "ನಿಜವಾಗ್ಲೂ ಆಗಲ್ವಾ ಅತ್ತಿಗೆ ನಿಮಗೆ? ನಾಟಕ ಅನ್ಕೊಂಡು, ನೋಡೋಣ ಅಂತ ಮಾಲ್ಟ್ ಸಿರಪ್ಪು ಸ್ವಲ್ಪ ಬೆರೆಸಿದ್ದೆ," ಎಂದಳು.

ಸಂಜೆ ಹೆಂಡತಿಯಿಂದ ಕೇಳಿ ಗಂಡ ವಿಚಾರಿಸಿದರೆ ನಾದಿನಿಯ ಮಾತೇ ಬೇರೆ. "ಅಯ್ಯೋ ಅಣ್ಣ, ನಾನ್ಯಾಕೆ ಹಾಗೆ ಮಾಡ್ಲಿ? ಸಂಕಟದಲ್ಲಿ ಏನೋ ಕನವರಿಸಿರ್ತಾರೆ."

ಗಂಡ ಬಂದು ಹೆಂಡತಿಯ ಪಕ್ಕ ಕೂತ. "ಹೋಗ್ಲಿ ಬಿಡೇ. ಮನೆ ವಿಷ್ಯ, ದೊಡ್ಡದು ಮಾಡ್ಬೇಡ."

ಅವಳು ದೊಡ್ಡದು ಮಾಡಲಿಲ್ಲ. ಸಣ್ಣದಾಗಿಯೇ, ದಿನವೂ ಮಾಡಿದಳು.

ಊಟದ ಬಿಡುವಿನಲ್ಲಿ ಪಕ್ಕದ ಅಂಗಡಿಯಿಂದ ಸೀಲ್ ಒಡೆಯದ ಬಾಟಲಿ ತರುವಳು. ತಂದು ನಾದಿನಿಯ ಅಂಗಡಿ ಬೆಂಚಿನ ಮೇಲೇ ಕೂರುವಳು. ಬಾಟಲಿಯನ್ನು ಬೆಳಕಿಗೆ ಹಿಡಿದು, ಎಲ್ಲರಿಗೂ ಕೇಳುವಂತೆ ಓದುವಳು: "ಸೋಡಾ ನೀರು, ಸಕ್ಕರೆ, ನಿಂಬೆ ರಸ. ಮಾಲ್ಟ್ ಇಲ್ಲ." ಆಮೇಲೆ ಮುಚ್ಚಳ ತಿರುಗಿಸುವಳು. ಟಸ್! ಆ ಸದ್ದು ಅವಳಿಗೆ ಯಾವ ಮದ್ದಿಗಿಂತಲೂ ಹಿತವಾಗಿತ್ತು.

"ಇದೇನಕ್ಕಾ, ನಾದಿನಿ ಅಂಗಡೀಲಿ ಕೂತು ಪಕ್ಕದವರ ಸೋಡಾ?" ಎಂದ ವಾಚ್‌ಮನ್.

"ನಮ್ಮವಳೇ ಕಣಪ್ಪ. ಅದಕ್ಕೇ ಸೀಲ್ ನೋಡಿ ಕುಡಿಯೋದು."

ಅದಕ್ಕಿಂತ ಒಂದು ಮಾತು ಹೆಚ್ಚಿಗೆ ಆಡುತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ವಾಚ್‌ಮನ್ ಲೋಟ ಮೂಸಿ ಕುಡಿಯತೊಡಗಿದ. ಇಸ್ತ್ರಿ ಹೆಂಗಸರು "ನಮಗೂ ಸೀಲ್ ಇರೋದೇ ಕೊಡಿ" ಎಂದರು. ಸೀಲಕ್ಕ ಎಂಬ ಹೆಸರು ಬಾಯಿಂದ ಬಾಯಿಗೆ ಹರಡಿತು. ನಾದಿನಿ ಹಿಂಡಿಟ್ಟ ಜ್ಯೂಸು ಸಂಜೆ ಚರಂಡಿ ಸೇರತೊಡಗಿತು.

"ಎದ್ದು ಹೋಗಿ ಅತ್ತಿಗೆ! ಗಿರಾಕಿಗಳು ಕೂರೋ ಜಾಗ ಅದು," ಎಂದು ನಾದಿನಿ ಜಗ್ಗನ್ನು ಕುಕ್ಕಿದಳು.

"ಹೌದಾ? ಖಾಲಿ ಇತ್ತಲ್ಲ ಪಾಪ, ಅದಕ್ಕೆ ಕೂತೆ."

ಕೊನೆಗೆ ಗಂಡ ಗೋಗರೆದ. "ಅಂಗಡಿ ಮುಚ್ಚೋ ಹಾಗಾಗಿದೆ ಕಣೇ. ಎಲ್ಲರ ಎದುರು ಅವಳ ಕೈಯಿಂದ ಒಂದು ಲೋಟ ಕುಡಿದುಬಿಡು, ಸಾಕು."

"ನನಗೆ ಮಾಡಿದ್ದನ್ನ ಮೊದಲು ಅವಳು ಎಲ್ಲರ ಎದುರು ಹೇಳ್ಲಿ."

ಮರುದಿನ ಬಿಡುವಿನಲ್ಲಿ ಅಂಗಡಿಯ ಮುಂದೆ ಅರ್ಧ ಫ್ಯಾಕ್ಟರಿ ನೆರೆದಿತ್ತು. ಗಂಡ ಬಿಸಿಲಲ್ಲಿ ಬೆವರು ಒರೆಸುತ್ತ ನಿಂತಿದ್ದ. ನಾದಿನಿ ಎಲ್ಲರಿಗೂ ಕಾಣುವಂತೆ ಲೋಟ ತೊಳೆದಳು, ಹೊಸ ನಿಂಬೆಹಣ್ಣು ಕೊಯ್ದು ಹಿಂಡಿದಳು, ಸೋಡಾ ಒಡೆದು ಸುರಿದಳು.

"ಹೇಳು," ಎಂದಳು ಸೀಲಕ್ಕ.

"ಪರೀಕ್ಷೆ ದಿನ... ಅತ್ತಿಗೆ ಕೋಲಾಕ್ಕೆ ನಾನೇ ಮಾಲ್ಟ್ ಹಾಕಿದ್ದೆ."

"ಡಾಕ್ಟರಮ್ಮ ಬೇಡ ಅಂದಿದ್ದು ಗೊತ್ತಿದ್ದೂ?"

"ಗೊತ್ತಿದ್ದೂ. ಆಮೇಲೆ ಅಣ್ಣನ ಹತ್ರ ಸುಳ್ಳೂ ಹೇಳ್ದೆ. ತಪ್ಪಾಯ್ತು. ಈಗ ಕುಡೀರಿ ಅತ್ತಿಗೆ."

ಗುಂಪಿನಲ್ಲಿದ್ದ ಕಫ್ ಹೊಲಿಯುವವಳು ತಲೆ ತಗ್ಗಿಸಿದಳು. ತನಗೆ ಆ ಕಿಟಕಿ ಹೇಗೆ ಸಿಕ್ಕಿತೆಂದು ಅವಳಿಗೂ ಅಂದೇ ತಿಳಿದದ್ದು.

ಸೀಲಕ್ಕ ಲೋಟ ಎತ್ತಿದಳು. ನಿಂಬೆಯ ಘಮ ಮೂಗಿಗೆ ಹೊಡೆಯಿತು. ಅವಳಿಗೆ ಆಗದ್ದು ಅದರಲ್ಲಿ ಏನೂ ಇರಲಿಲ್ಲ, ಕಣ್ಣಾರೆ ಕಂಡಿದ್ದಳು. ಗಂಟಲೂ ಒಣಗಿತ್ತು. ತುಟಿಯ ಹತ್ತಿರ ತಂದಳು. ನಾದಿನಿ ಬಿಗಿಹಿಡಿದಿದ್ದ ಉಸಿರು ಬಿಟ್ಟಳು. ಆಗ ಸೀಲಕ್ಕ ಲೋಟವನ್ನು ಮೆಲ್ಲಗೆ ನಾದಿನಿಯ ಮುಂದೆಯೇ ಇಟ್ಟಳು.

"ಹೇಳು ಅಂದಿದ್ದೆ. ಕುಡೀತೀನಿ ಅಂದಿರ್ಲಿಲ್ಲ."

ಸೆರಗು ಕೊಡವಿಕೊಂಡು ಗೇಟಿನ ಕಡೆ ನಡೆದಳು. ಗುಂಪು ಗುಸುಗುಸು ಎನ್ನುತ್ತ ಹಿಂದೆಯೇ ಕರಗಿತು. ಬೆಂಚಿನ ಪಕ್ಕ ಉಳಿದವನು ಗಂಡನೊಬ್ಬನೇ. ಬಾಯಾರಿತ್ತು, ಲೋಟ ತುಂಬಿತ್ತು. ಕೈ ಚಾಚಿದ. ಚಾಚಿದವನು ಒಮ್ಮೆ ತಂಗಿಯ ಮುಖ ನೋಡಿದ. ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡ.