ತಪ್ಪಿಲ್ಲದ ಕಾದಂಬರಿ

ಕಾವೇರಮ್ಮನ ಮೇಜಿಗೆ ಬಂದ ಅಂಗಿ ಅಷ್ಟು ಸುಲಭವಾಗಿ ಪಾರಾಗುತ್ತಿರಲಿಲ್ಲ. ಕಾಲರು, ಜೇಬು, ಗುಂಡಿ, ಒಳಹೊಲಿಗೆ ಎಲ್ಲವನ್ನೂ ತಿರುವಿ ನೋಡುವಳು. ಒಂದು ಹೊಲಿಗೆ ಹಾರಿದ್ದರೂ ಸಾಕು, ಬಾಣದ ಗುರುತಿರುವ ಕೆಂಪು ಸ್ಟಿಕ್ಕರನ್ನು ಸರಿಯಾಗಿ ಅದೇ ಜಾಗಕ್ಕೆ ಅಂಟಿಸಿ ಅಂಗಿಯನ್ನು ಹಿಂದಕ್ಕೆ ತಳ್ಳುವಳು. ಹೊಲಿದವಳು ಬಿಚ್ಚಿ ಮತ್ತೆ ಹೊಲಿಯಬೇಕು. ರಾಮನಗರಕ್ಕೆ ಒಸಿ ಹಿಂದೆ, ಮೈಸೂರು ರಸ್ತೆಯ ಪಕ್ಕ, ರಾಗಿ ಹೊಲವಿದ್ದ ಜಾಗದಲ್ಲಿ ಎದ್ದ ಗಾರ್ಮೆಂಟ್ಸ್ ಅದು. ಆ ವರ್ಷಗಳಲ್ಲಿ ಆ ರಸ್ತೆಯುದ್ದಕ್ಕೂ ರಾಗಿ ಹೋಗಿ ಶೀಟಿನ ಛಾವಣಿಗಳೇ ಬೆಳೆಯುತ್ತಿದ್ದವು.

ಕಾವೇರಮ್ಮನ ಊರು ಹೊಂಗನೂರು. ಬೆಳಿಗ್ಗೆ ಬಸ್ಸಿನಲ್ಲಿ ಚನ್ನಪಟ್ಟಣ, ಅಲ್ಲಿಂದ ಕಂಪನಿ ವ್ಯಾನು. ಗಂಡ ಕರಿಯಪ್ಪ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುತ್ತಿದ್ದ. ಅವಳು ಓದಿದ್ದು ಎಸ್ಸೆಸ್ಸೆಲ್ಸಿ. ಚನ್ನಪಟ್ಟಣದ ಲೈಬ್ರರಿಯಲ್ಲಿದ್ದ ಕಾದಂಬರಿಗಳನ್ನೆಲ್ಲ ಓದಿ ಮುಗಿಸಿದ್ದಳು. ಮುಗಿದ ಮೇಲೆ ಇನ್ನೇನು ಮಾಡುವುದು ಅಂತ ತಾನೇ ಒಂದು ಬರೆಯಲು ಕೂತಳು. ಭಾನುವಾರ ಭಾನುವಾರ ಬರೆದು ಎರಡು ವರ್ಷಕ್ಕೆ ಮುಗಿಸಿದಳು. ಹೆಸರು ‘ಸಹನೆಯ ಸುಚಿತ್ರಾ’. ಮಾಗಡಿ ಕಡೆಯ ಗುಡೇಮಾರನಹಳ್ಳಿಗೆ ಸೊಸೆಯಾಗಿ ಬಂದ ಸುಚಿತ್ರಾ ಅನ್ನುವವಳು ಗಂಡನನ್ನು ಕಳೆದುಕೊಂಡು, ಅತ್ತೆಯನ್ನು ನೋಡಿಕೊಂಡು, ಮೈದುನನನ್ನು ಓದಿಸಿ ಬಾಳುವ ಕತೆ.

ಅಂಗಿ ನೋಡುವ ಕಣ್ಣಿನಲ್ಲೇ ಅದನ್ನೂ ಬರೆದಿದ್ದಳು. ಒಂದು ಅಕ್ಷರ ತಪ್ಪಿಲ್ಲ, ಒಂದು ಹೆಸರು ಅದಲುಬದಲಿಲ್ಲ. ಇದನ್ನು ಯಾರೂ ವಾಪಸು ಮಾಡಲಾರರು ಅಂತ ಅವಳಿಗೆ ಧೈರ್ಯ. ಬೆಂಗಳೂರಿನ ಒಬ್ಬ ಪ್ರಕಾಶಕರಿಗೆ ಅಂಚೆಯಲ್ಲಿ ಕಳಿಸಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ಕಟ್ಟು ಹಾಗೇ ಹಿಂದಕ್ಕೆ ಬಂತು. ಜೊತೆಗೊಂದು ಚೀಟಿ: ‘ಪ್ರಕಟಿಸಲು ಸಾಧ್ಯವಾಗುತ್ತಿಲ್ಲ.’

“ತವರಿಗೆ ಬಂದ್ಬುಟ್ಲಾ ನಿನ್ನ ಸುಚಿತ್ರಾ?” ಅಂದ ಕರಿಯಪ್ಪ.

“ಬ್ಯಾಡ ಅಂದ್ರೆ ಬ್ಯಾಡ ಅನ್ಲಿ. ಎಲ್ಲಿ ಸರಿಯಿಲ್ಲ ಅಂತ ಒಂದು ಗುರುತು ಮಾಡ್ಬಾರ್ದಾ? ಅಂಗಿಗೇ ನಾವು ಗುರುತು ಮಾಡಿ ಕೊಡ್ತೀವಿ. ಇದೆಂಥ ಚೆಕ್ಕಿಂಗು?”

ಅವಳಿಗೆ ಉರಿದಿದ್ದು ಅದೇ. ವಾಪಸು ಮಾಡಿದ್ದಕ್ಕಿಂತ ಬಾಣ ಹಾಕದೆ ವಾಪಸು ಮಾಡಿದ್ದು.

ಅವಳ ಚಿಕ್ಕಪ್ಪನ ಮಗ ಅನಂತರಾಜು ರಾಮನಗರದಲ್ಲಿ ಸೈಟು ಮಾರಿಸುವ ಏಜೆಂಟು. ಬಿಡದಿಯಲ್ಲಿ ಕಾರ್ಖಾನೆಗಳು ಬಂದ ಮೇಲೆ ಅವನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಹಬ್ಬಕ್ಕೆ ಬಂದವನು ವಿಷಯ ಕೇಳಿ ನಕ್ಕ.

“ಅಲ್ಲ ಕಣಕ್ಕ, ಹೊಲದೋನೇ ಓಗಿ ನನ್ನ ಹೊಲ ತಗೊಳಿ ಅಂತ ನಿಂತ್ಕಂಡ್ರೆ ಯಾರು ತಗೋತಾರೆ? ಮಧ್ಯ ಒಬ್ಬ ಇರ್ಬೇಕು. ಫಾರಿನ್ನಲ್ಲಿ ಪುಸ್ತಕಕ್ಕೂ ಏಜೆಂಟ್ರು ಅವ್ರಂತೆ. ನನ್ನತ್ರ ಸೈಟು ತಗೊಂಡ ಪಾರ್ಟಿ ಒಬ್ರು ಯೋಳಿದ್ರು. ಕೊಡು ಇಲ್ಲಿ, ನಾನ್ ನೋಡ್ಕತೀನಿ.”

“ಮೊದ್ಲು ಓದಪ್ಪ.”

“ನಾನು ಮಾರ್ಸಿದ ಸೈಟ್ನಲ್ಲೆಲ್ಲ ನಾನೇ ಮನೆ ಕಟ್ಕಂಡಿದ್ದೀನಾ?”

ಮುಂದಿನ ವಾರ ಬಂದಾಗ ಅವನ ಕಾರ್ಡಿನಲ್ಲಿ ‘ಸೈಟು, ಜಮೀನು, ಮನೆ’ ಅನ್ನುವುದರ ಕೆಳಗೆ ಪೆನ್ನಿನಲ್ಲಿ ‘ಕಾದಂಬರಿ’ ಅಂತ ಸೇರಿತ್ತು.

ಅನಂತರಾಜು ಹುಡುಕಿದ ಎರಡನೇ ಪ್ರಕಾಶಕರು ವಯಸ್ಸಾದವರು. ಮೊದಲೇ ಕಟ್ಟನ್ನು ಅವರಿಗೆ ತಲುಪಿಸಿ, ಅವರು ಬನ್ನಿ ಅಂದ ದಿನ ಅಕ್ಕ ತಮ್ಮ ಇಬ್ಬರೂ ಹೋದರು. ಅನಂತರಾಜು ಕೂರುವ ಮೊದಲೇ ಶುರುಮಾಡಿದ.

“ಒಳ್ಳೆ ಪ್ರಾಪರ್ಟಿ ಸಾರ್. ಒಂದೇ ಕೈಯಿಂದ ಬಂದಿರೋದು, ತಕರಾರೇ ಇಲ್ಲ. ಈಗ ಬುಟ್ರೆ ಮುಂದೆ ಈ ರೇಟಿಗೆ ಸಿಗಲ್ಲ.”

ಪ್ರಕಾಶಕರು ಕನ್ನಡಕ ತೆಗೆದು ಅವನನ್ನೊಮ್ಮೆ ನೋಡಿದರು. ಆಮೇಲೆ ಕಾವೇರಮ್ಮನ ಕಡೆ ತಿರುಗಿ, “ಪೂರ್ತಿ ಓದಿದೆನಮ್ಮ. ತಪ್ಪು ಅಂತ ಏನೂ ಇಲ್ಲ. ಆದರೆ ನಮಗೆ ಬೇಡ” ಅಂದರು.

“ತಪ್ಪಿಲ್ಲ ಅಂದ್ಮೇಲೆ ಯಾಕ್ ಸಾರ್ ಬ್ಯಾಡ?”

“ಅದನ್ನ ಹೇಳೋದೇ ಕಷ್ಟ.” ಅವರು ಕಾಫಿ ತರಿಸಿಕೊಟ್ಟರು.

ಕಾವೇರಮ್ಮ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. ತಪ್ಪಿಲ್ಲದ ಅಂಗಿ ಪೆಟ್ಟಿಗೆಗೆ ಹೋಗುತ್ತದೆ, ಪೆಟ್ಟಿಗೆ ಹಡಗಿಗೆ ಹೋಗುತ್ತದೆ. ಹದಿನೈದು ವರ್ಷದಲ್ಲಿ ಬೇರೆ ಥರ ಆದದ್ದನ್ನು ಅವಳು ಕಂಡಿರಲಿಲ್ಲ.

ಮಾರನೇ ದಿನ ಊಟದ ಹೊತ್ತಿಗೆ ಅವಳ ಮುಖ ನೋಡಿಯೇ ಹೊಲಿಗೆ ಲೈನಿನ ಹೆಂಗಸರಿಗೆ ಗೊತ್ತಾಯಿತು. ಕಾಲರು ಹೊಲಿಯುವ ದೊಡ್ಡಲಕ್ಷ್ಮಮ್ಮ ಡಬ್ಬಿ ಮುಚ್ಚಿ ಕೈ ಚಾಚಿದಳು. ಕಾವೇರಮ್ಮನ ಸ್ಟಿಕ್ಕರಿನಿಂದ ಅತಿ ಹೆಚ್ಚು ಬಯ್ಯಿಸಿಕೊಂಡವಳು ಅವಳೇ.

“ತತ್ತ ಇಲ್ಲಿ. ನಾವು ಚೆಕ್ ಮಾಡ್ತೀವಿ.”

“ನೀನಾ?”

“ಯಾಕೆ, ನಾವು ಹೊಲ್ದಿದ್ದ ನೀನು ನೋಡ್ಬೋದು, ನೀನು ಬರ್ದಿದ್ದ ನಾವು ನೋಡ್ಬಾರ್ದಾ?”

ಮಾರನೇ ದಿನ ಕಾವೇರಮ್ಮ ಕಟ್ಟನ್ನು ತಂದುಕೊಟ್ಟಳು. ದೊಡ್ಡಲಕ್ಷ್ಮಮ್ಮನಿಗೆ ಓದು ಅಷ್ಟಕ್ಕಷ್ಟೆ. ಗುಂಡಿ ಹಾಕುವ ಶ್ವೇತ ಪಿಯುಸಿವರೆಗೆ ಓದಿದವಳು. ಅವಳು ವ್ಯಾನಿನಲ್ಲೂ ಕ್ಯಾಂಟೀನಿನಲ್ಲೂ ಗಟ್ಟಿಯಾಗಿ ಓದುವುದು, ಸುತ್ತ ಕೂತವರು ಕೇಳುವುದು, ದೊಡ್ಡಲಕ್ಷ್ಮಮ್ಮ ಬೆರಳು ತೋರಿಸಿದಲ್ಲಿ ಸ್ಟಿಕ್ಕರ್ ಅಂಟಿಸುವುದು. ಸ್ಟಿಕ್ಕರ್ ಕಾವೇರಮ್ಮನ ಮೇಜಿನಿಂದಲೇ ಹೋಗಿತ್ತು.

ವಾಪಸು ಬಂದಾಗ ಕಾದಂಬರಿಗೆ ಮೈತುಂಬ ಅಮ್ಮ ಎದ್ದ ಹಾಗಿತ್ತು. ಪುಟಪುಟಕ್ಕೂ ಕೆಂಪು.

“ಇಲ್ಲೇನೈತೆ ತಪ್ಪು?” ಕಾವೇರಮ್ಮ ಒಂದು ಬಾಣದ ಮೇಲೆ ಬೆರಳಿಟ್ಟಳು.

“ಅಲ್ಲಿ ನಂಗೆ ನಿದ್ದೆ ಬಂತು” ಅಂದಳು ದೊಡ್ಡಲಕ್ಷ್ಮಮ್ಮ.

“ನಿಂಗೆ ನಿದ್ದೆ ಬಂದ್ರೆ ನನ್ನ ತಪ್ಪಾ? ಅವತ್ತು ಓವರ್‌ಟೈಮ್ ಮಾಡಿದ್ದೆ ನೀನು.”

“ದಾರ ಹಾರಿದ್ದು ಮಿಶಿನ್ನಿಂದ, ನನ್ನಿಂದಲ್ಲ ಅಂತ ನಾನಂದಾಗ ನೀನು ಕೇಳಿದ್ಯಾ? ಬಿಚ್ಚಿ ಹೊಲಿ ಅಂದೆ. ನೀನೂ ಬಿಚ್ಚು.”

ಸುತ್ತ ಇದ್ದವರೆಲ್ಲ ನಕ್ಕರು. ಶ್ವೇತ ಮಾತ್ರ ಒಸಿ ಪಾಪ ಅನ್ನಿಸಿ ಸಮಾಧಾನಕ್ಕೆ ಬಂದಳು. “ಅಕ್ಕ, ಬರವಣಿಗೆ ಚೆನ್ನಾಗೈತೆ. ಆದ್ರೆ ಸುಚಿತ್ರಾ ಒಂದ್ಸಲನಾದ್ರೂ ಒಂದು ತಪ್ಪು ಮಾಡ್ಬಾರ್ದಾ?”

“ಯಾಕ್ ಮಾಡ್ಬೇಕು?”

“ಗಂಡ ಸತ್ತ, ದೇವರ್ನ ಬಯ್ಲಿಲ್ಲ” ಅಂದಳು ದೊಡ್ಡಲಕ್ಷ್ಮಮ್ಮ. “ಮೈದುನ ಹೊಲ ಬರೆಸ್ಕಂಡ, ಸುಮ್ಕಿದ್ಲು. ಅತ್ತೆ ಮುದ್ದೆ ತಟ್ಟೆ ಎಸುದ್ಲು, ಎತ್ಕಂಡು ತೊಳ್ದಿಟ್ಲು. ಇಂಥೋಳು ನಮ್ಮ ಪಕ್ಕದ ಮನೇಲಿದ್ರೆ ನಾನಂತೂ ಮನೆ ಖಾಲಿ ಮಾಡ್ತಿದ್ದೆ ಕಣವ್ವ.”

“ಒಳ್ಳೇವ್ರು ಇರಲ್ವಾ?”

“ಇರ್ತಾರೆ. ನಾನಿಲ್ವಾ? ನಮ್ಮತ್ತೆಗೆ ಕಿವಿ ಮಂದ ಆದ್ಮೇಲೆ ದಿನಾ ಎದುರ್ಗೆ ಕೂತ್ಕಂಡು ನಗ್ತಾ ನಗ್ತಾ ಬಯ್ತಿದ್ದೆ. ಆಯಮ್ಮ, ನನ್ನ ಸೊಸೆ ಮಾತು ಬಲು ಚೆಂದ ಅಂತ ಊರಿಗೆಲ್ಲ ಯೋಳ್ಕಂಡು ಬತ್ತಿತ್ತು.”

ಶ್ವೇತಳೂ ತನ್ನದನ್ನು ಹೇಳಿದಳು. ಅಜ್ಜಿ ಸತ್ತಳು ಅಂತ ಸೂಪರ್‌ವೈಸರ್ ಮನೋಹರನಿಗೆ ಹೇಳಿ ರಜ ಹಾಕಿ ಗೆಳತಿಯರ ಜೊತೆ ಸಾವನದುರ್ಗಕ್ಕೆ ಹೋಗಿದ್ದಳಂತೆ. “ಎಷ್ಟನೇ ಅಜ್ಜಿ?” ಅಂತ ಯಾರೋ ಕೇಳಿದರು. ಗಂಟೆ ಹೊಡೆಯಿತು. ಎಲ್ಲರೂ ಡಬ್ಬಿ ಎತ್ತಿಕೊಂಡು ಓಡಿದರು.

ಕಾವೇರಮ್ಮ ತಪ್ಪು ಹಾಕಲು ಕೂತಳು. ಹಿಡಿಯುವುದು ಗೊತ್ತಿತ್ತು, ಹಾಕುವುದು ಗೊತ್ತಿರಲಿಲ್ಲ. ಸುಚಿತ್ರಾ ಒಂದು ಮಡಕೆ ಒಡೆದಳು, ಮುಂದಿನ ಸಾಲಿನಲ್ಲೇ ಅತ್ತೆಯ ಕ್ಷಮೆ ಕೇಳಿದಳು. ಶ್ವೇತ ಓದಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಸುಚಿತ್ರಾ ಒಂದು ಸುಳ್ಳು ಹೇಳಿದಳು, ಅದೂ ಮೈದುನನ ಪ್ರಾಣ ಉಳಿಸಲು. “ಇದು ತಪ್ಪಲ್ಲ ಕಣವ್ವ, ಪ್ರಶಸ್ತಿ ಕೊಡ್ಬೇಕು ಇವ್ಳಿಗೆ” ಅಂದಳು ದೊಡ್ಡಲಕ್ಷ್ಮಮ್ಮ. ದೀಪಾವಳಿ ಬಂತು, ಹೋಯಿತು. ಕಾವೇರಮ್ಮ ಸುಚಿತ್ರಾಳ ಮೇಲೆ ಸಿಟ್ಟಾದಳು. ಇಷ್ಟು ವರ್ಷ ಸಾಕಿದ್ದಕ್ಕೆ ಒಂದು ತಪ್ಪು ಮಾಡಿಕೊಡಲು ಇವಳಿಗೇನು ದಾಡಿ ಅನ್ನಿಸಿತು.

ಒಂದು ಭಾನುವಾರ ಮನೆಯಲ್ಲಿ ಹುಳ ಕೊನೆಯ ಸಲ ಪೊರೆ ಬಿಟ್ಟು ನಾಲ್ಕನೇ ಜ್ವರ ಎದ್ದಿದ್ದವು. ಆಗ ಅವುಗಳ ಬಾಯಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು, ಕೈ ಬಿಡುವಂತಿಲ್ಲ. ಅದೇ ಹೊತ್ತಿಗೆ ಬೀದಿಯ ಅಂಗಡಿಗೆ ಫೋನು ಬಂತು. ಮಾತಾಡಿದ್ದು ಕರಿಯಪ್ಪನ ತಂಗಿ, ಕನಕಪುರದಿಂದ. ನಾಳೆ ಮಗುವಿಗೆ ಹೆಸರಿಡುತ್ತಾರೆ, ಅಣ್ಣ ಇವತ್ತೇ ಬರಬೇಕು. ಕಾವೇರಮ್ಮ ಅಂಗಡಿಯಿಂದ ಮನೆಗೆ ನಡೆದಳು. ಹೇಳಿದರೆ ಇವನು ಹೊರಡುತ್ತಾನೆ, ಹುಳ ತನ್ನೊಬ್ಬಳ ತಲೆಗೆ. ಹೇಳದಿದ್ದರೆ?

ಹೇಳಿದಳು. ಅವಳು ಕಾವೇರಮ್ಮ, ಹೇಳದೆ ಇರುವುದು ಹೇಗೆ. ಕರಿಯಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟೇಬಿಟ್ಟ. ಅವಳು ಸಂಜೆವರೆಗೆ ಒಬ್ಬಳೇ ಸೊಪ್ಪು ಕತ್ತರಿಸಿ ಹಾಕಿದಳು. ಹುಳಗಳು ಮಳೆ ಬಂದ ಹಾಗೆ ಸದ್ದು ಮಾಡಿಕೊಂಡು ತಿನ್ನುತ್ತಿದ್ದವು. ಕೈ ಸೊಪ್ಪಿನಲ್ಲಿತ್ತು, ತಲೆ ಗುಡೇಮಾರನಹಳ್ಳಿಯಲ್ಲಿತ್ತು. ಅಲ್ಲಿ ಸುಚಿತ್ರಾ ಅದೇ ಫೋನು ಮುಗಿಸಿ ಅದೇ ಬೀದಿಯಲ್ಲಿ ನಡೆದು ಬಂದಳು. ಅತ್ತೆ ಜಗುಲಿಯಲ್ಲಿ ಕೂತಿದ್ದಳು. ಮಗಳ ಮನೆಯಿಂದ ಕರೆ ಬಂದಿದೆ ಅಂತ ಸುಚಿತ್ರಾ ಅತ್ತೆಗೆ ಹೇಳಲಿಲ್ಲ. ಹುಳಕ್ಕೆ ಸೊಪ್ಪು ಹಾಕಲು ಇನ್ನೂ ಎರಡು ಕೈ ಬೇಕಿತ್ತು, ಅಷ್ಟೆ.

ಬರೆಯಲು ಕೂತರೆ ಅದು ಅಲ್ಲಿಗೆ ನಿಲ್ಲಲಿಲ್ಲ. ಮಗಳು ಕರೆಯಲಿಲ್ಲ ಅಂತ ಅತ್ತೆ, ಅವ್ವ ಬರಲಿಲ್ಲ ಅಂತ ಮಗಳು. ಇಬ್ಬರೂ ಮುನಿಸಿಕೊಂಡು ಹೋಗಿಬರುವುದನ್ನೇ ಬಿಟ್ಟರು. ಸುಚಿತ್ರಾ ಅತ್ತೆಯನ್ನು ಮೊದಲಿಗಿಂತ ಚೆನ್ನಾಗಿ ನೋಡಿಕೊಂಡಳು. ಬಾಯಿ ಮಾತ್ರ ಬಿಡಲಿಲ್ಲ.

ಕ್ಯಾಂಟೀನಿನಲ್ಲಿ ಶ್ವೇತ ಓದಿದಾಗ ಯಾರೂ ನಗಲಿಲ್ಲ.

“ಇವ್ಳ ಮನೆ ಹಾಳಾಗ” ಅಂದಳು ದೊಡ್ಡಲಕ್ಷ್ಮಮ್ಮ. “ಯೋಳ್ಬುಟ್ರೆ ಏನಾಗ್ತಿತ್ತು ಇವ್ಳಿಗೆ?” ಅನ್ನ ಆರುತ್ತಿತ್ತು. “ಹೂಂ, ಓದು ಮುಂದಕ್ಕೆ.”

ಕರಿಯಪ್ಪನಿಗೂ ಕತೆ ಕಿವಿಗೆ ಬಿತ್ತು. ಎರಡು ದಿನ ಏನೋ ಲೆಕ್ಕ ಹಾಕುವವನ ಹಾಗೆ ಓಡಾಡಿದ. ಆಮೇಲೆ ಕೇಳಿದ: “ಅಲ್ಲ ಕಣೆ, ನನ್ನ ತಂಗಿ ಇದಕ್ಕೂ ಮುಂಚೆ ಯಾವಾಗ್ಲಾದ್ರೂ ಫೋನ್ ಮಾಡಿತ್ತಾ?”

“ಕತೆ ಕಣ್ರೀ ಅದು” ಅಂದಳು ಕಾವೇರಮ್ಮ. ಅವನಿಗೆ ಪೂರ್ತಿ ನಂಬಿಕೆ ಬಂದ ಹಾಗೆ ಕಾಣಲಿಲ್ಲ.

ಅನಂತರಾಜು ಮೂರನೇ ಪ್ರಕಾಶಕರನ್ನು ಹುಡುಕಿದ. ಈ ಸಲ ಒಬ್ಬ ಹೆಂಗಸು. ಅವರು ಕಟ್ಟು ಬಿಚ್ಚಿ ಮೇಜಿನ ಮೇಲಿಟ್ಟುಕೊಂಡಿದ್ದರು. ಕೈಯಲ್ಲಿ ಪೆನ್ಸಿಲ್ ಇತ್ತು. ಅದನ್ನು ನೋಡಿ ಕಾವೇರಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

“ನಾನು ತಗೊಳ್ತೀನಿ” ಅಂದರು ಅವರು. “ಯುಗಾದಿ ಹೊತ್ತಿಗೆ ತರಬಹುದು. ಕೊನೆ ಮಾತ್ರ ಸ್ವಲ್ಪ ಬದಲಾಯಿಸಿ. ಅತ್ತೆ ಸಾಯೋ ಮೊದಲು ಅವಳು ಕಾಲು ಹಿಡಿದು ನಿಜ ಹೇಳಲಿ. ಅತ್ತೆ ಕ್ಷಮಿಸಲಿ. ಎರಡು ಪುಟದ ಕೆಲಸ. ಓದಿದವರಿಗೆ ಮನಸ್ಸು ಹಗುರ ಆಗಬೇಕಲ್ಲ.”

“ಆಯ್ತು ಮೇಡಂ, ಯೋಳಿಸ್ತೀವಿ” ಅಂದ ಅನಂತರಾಜು.

ಕಾವೇರಮ್ಮ ಮೇಜಿನ ಮೇಲಿದ್ದ ಕಟ್ಟನ್ನು ನೋಡಿದಳು. ಪುಸ್ತಕ ಅವಳ ಕೈಯಿಂದ ಒಂದು ಗೇಣು ದೂರದಲ್ಲಿತ್ತು. ಯುಗಾದಿ ಅಂದರೆ ಇನ್ನೇನು ಬಂತು.

“ಅವ್ಳು ಯೋಳಲ್ಲ ಮೇಡಂ.”

“ನೀವು ಬರೆದರೆ ಹೇಳ್ತಾಳಲ್ಲ.”

“ಬರ್ದು ನೋಡಿದ್ದೀನಿ ಮೇಡಂ. ಅತ್ತೆ ಕಾಲತ್ರ ಕೂರ್ತಾಳೆ, ಕಾಲು ಒತ್ತುತಾಳೆ. ಯೋಳಲ್ಲ.”

ಅನಂತರಾಜು ಮೇಜಿನ ಕೆಳಗೆ ಅವಳ ಕಾಲನ್ನು ತುಳಿದ. ಪ್ರಕಾಶಕರು ಪೆನ್ಸಿಲ್ ಕೆಳಗಿಟ್ಟರು. ಬೇಸರವೇನೂ ಮಾಡಿಕೊಳ್ಳಲಿಲ್ಲ. ಹಾಗಾದರೆ ನನಗೆ ಕಷ್ಟ, ಮನಸ್ಸು ಬದಲಾದರೆ ಬನ್ನಿ ಅಂದರು.

ಸಂಜೆಯ ರೈಲು ಕೆಂಗೇರಿ ಬಿಟ್ಟಿತು. ಅನಂತರಾಜು ಶುರುಮಾಡಿದ.

“ಹೈಟೆನ್ಷನ್ ವೈರ್ ಕೆಳಗಿನ ಸೈಟ್ ಮಾರ್ಸಿದ್ದೀನಿ ನಾನು. ಸ್ಮಶಾನದ ಪಕ್ಕದ್ದು ಮಾರ್ಸಿದ್ದೀನಿ. ನಿಂದೊಂದು ಮಾರ್ಸಕ್ಕಾಗಲ್ಲ ಕಣಕ್ಕ. ಪಾರ್ಟಿ ರೆಡಿ ಅವ್ರೆ, ಓನರ್ರೇ ಅಡ್ಡ ಮಲಗವ್ರೆ. ಎರಡು ಪುಟ. ಯೋಳಿಸ್ಬುಟ್ಟಿದ್ರೆ ನಿನ್ನ ಗಂಟೇನು ಓಗ್ತಿತ್ತು?”

ಕಾವೇರಮ್ಮನಿಗೂ ಒಳಗೆ ಅದೇ ನಡೆದಿತ್ತು. ತಪ್ಪು ಮಾಡಿದೆನೋ ಏನೋ. ಲೈನಿನಲ್ಲಿ ಏನು ಹೇಳುವುದು? ಕಟ್ಟು ತೊಡೆಯ ಮೇಲೆ ಭಾರವಾಗಿತ್ತು. “ಹೂಂ ಕಣಪ್ಪ” ಅಂದಳು.

ಹೆಜ್ಜಾಲ ದಾಟಿತು. ಅನಂತರಾಜು ಕಿಟಕಿಯ ಕಡೆ ತಿರುಗಿ ಕೂತಿದ್ದ. ಏನೋ ನೆನೆಸಿಕೊಂಡು ಈ ಕಡೆ ತಿರುಗಿದ.

“ಅಲ್ಲ, ಅದೇನು ಅವ್ಳು ಯೋಳ್ದೆ ಇದ್ದಿದ್ದು?”

“ಓದು, ಗೊತ್ತಾಯ್ತದೆ.”

“ಯೋಳೇ ಅಕ್ಕ ಸುಮ್ನೆ.”

ಅವಳು ಕಟ್ಟು ಬಿಚ್ಚಿ ಅವನ ತೊಡೆಯ ಮೇಲಿಟ್ಟಳು. ಅವನು ಬೇಡದ ಮನಸ್ಸಿನಲ್ಲಿ, ಸೈಟಿನ ಪತ್ರ ಪರಿಶೀಲಿಸುವವನ ಹಾಗೆ, ನಡುವೆ ಎಲ್ಲಿಂದಲೋ ತೆರೆದ. ಬಿಡದಿಯಲ್ಲಿ ಕಾರ್ಖಾನೆಯವರು ಹತ್ತಿ ಬೋಗಿ ತುಂಬಿತು. ಅನಂತರಾಜು ಜರುಗಿ ಜಾಗ ಕೊಟ್ಟ, ತಲೆ ಎತ್ತಲಿಲ್ಲ. ಒಂದು ಕಡೆ “ಥೂ” ಅಂದ. ಯಾಕೆ ಅಂತ ಅವಳು ಕೇಳಲಿಲ್ಲ. ಜೇಬಿನಲ್ಲಿ ಮೊಬೈಲು ಹೊಡೆದುಕೊಂಡಿತು. ನೋಡದೆಯೇ ಅದುಮಿ ನಿಲ್ಲಿಸಿದ. ಸೈಟು ನೋಡಲು ರಾಮನಗರ ಸ್ಟೇಷನ್ನಿನಲ್ಲಿ ಕಾಯುತ್ತೇನೆ ಅಂದಿದ್ದ ಪಾರ್ಟಿಯೇ ಇರಬೇಕು.

ಬಂಡೆ ಬೆಟ್ಟಗಳು ಹತ್ತಿರ ಬಂದವು. ಅನಂತರಾಜು ಇಳಿಯಬೇಕಿದ್ದ ರಾಮನಗರದಲ್ಲಿ ರೈಲು ನಿಂತಿತು. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ಅನಂತರಾಜು ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿದ.

ಕಾವೇರಮ್ಮ ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತಳು. ರೈಲು ಹೊರಟಿತು.