ಬಿಟ್ಟ ಸಾಲು

ದುಂಡಗೆ ಬರೆಯುವವರಿಗೆ ಒಂದು ಸಣ್ಣ ಅಹಂಕಾರವಿರುತ್ತದೆ: ಬರೆದದ್ದನ್ನು ಜನ ಓದದಿದ್ದರೂ ಬೇಸರವಿಲ್ಲ, ನೋಡಿದರೆ ಸಾಕು. ಡೊಂಬಿವಲಿಯ ನಮ್ಮ ಕನ್ನಡ ಸಂಘದ ಕರಿಹಲಗೆಯ ಮೇಲೆ ವಾರ್ಷಿಕ ಸಭೆಯ ಸೂಚನೆಯನ್ನು ನಾನು ಬರೆದ ವರ್ಷ ಸಭೆಗೆ ಬಂದವರು ಒಂಬತ್ತು ಮಂದಿ. ಅಕ್ಷರವನ್ನು ಹೊಗಳಿದವರು ಅದಕ್ಕಿಂತ ಹೆಚ್ಚು. ಸೌಂದರ್ಯದ ವಿಷಯದಲ್ಲಿ ನನಗೂ ಅಲ್ಪಸ್ವಲ್ಪ ಅಧಿಕಾರವಿದೆಯೆಂದು ಆಗಿನಿಂದ ನಂಬಿಕೊಂಡಿದ್ದೆ.

ಆ ನಂಬಿಕೆಯನ್ನು ಅಲುಗಾಡಿಸಿದವರು ಕೆಳಗಿನ ಮಹಡಿಯ ಲಾರೆನ್ಸರು. ಮಂಗಳೂರು ಕಡೆಯ ಕ್ರೈಸ್ತರು. ಯೌವನದಲ್ಲಿ ಮೂರು ವರ್ಷ ಪಾದ್ರಿಯಾಗಲು ಓದಿ, ಮನಸ್ಸು ಬದಲಿಸಿ ಸೆಲಿನ್‌ಬಾಯಿಯನ್ನು ಮದುವೆಯಾದವರು. ಶುಭ ಶುಕ್ರವಾರದ ಕೊಂಕಣಿ ಪ್ರಾರ್ಥನೆಯಲ್ಲಿ ಪ್ರವಾದಿಯ ಪಾಠ ಓದುವುದು ಇಪ್ಪತ್ತು ವರ್ಷಗಳಿಂದ ಅವರದೇ ಪಾಲು. ಒಂದು ಮಳೆಗಾಲ, ಅಂಬರನಾಥದ ಕಾರ್ಖಾನೆಯೊಂದರಲ್ಲಿ ಕೊಳವೆ ಒಡೆದು ಕುದಿಯುವ ದ್ರಾವಣ ಅವರ ಮುಖಕ್ಕೆ ಹಾರಿತು. ಎಡಗಣ್ಣು ಹೋಯಿತು. ಬಲಗಣ್ಣಿಗೆ ದೊಡ್ಡ ಅಕ್ಷರವಷ್ಟೇ ಕಾಣುತ್ತಿತ್ತು. ಎಡಗೆನ್ನೆಯ ಚರ್ಮ ಬಿಗಿದು ಬಾಯಿಯ ಮೂಲೆಯನ್ನು ಮೇಲಕ್ಕೆ ಎಳೆದಿತ್ತು. ಆಮೇಲೆ ಎಂಟು ತಿಂಗಳು ಇಗರ್ಜಿಗೆ ಹೋದರೂ ಕಂಬದ ಹಿಂದಿನ ಬೆಂಚಿನಲ್ಲೇ ಕುಳಿತರು.

ಈ ಸಲ ಓದದಿದ್ದರೆ ಇನ್ನೆಂದೂ ಎದ್ದು ನಿಲ್ಲಲಾರರೆಂಬ ಭಯ ಸೆಲಿನ್‌ಬಾಯಿಗೆ. ಅವರ ಕೊಂಕಣಿ ಪುಸ್ತಕಗಳು ಇರುವುದು ಕನ್ನಡ ಲಿಪಿಯಲ್ಲೇ ಆದ್ದರಿಂದ ಆ ಪಾಠದ ಪುಟ ಹಿಡಿದು ನನ್ನ ಬಳಿ ಬಂದರು.

"ನಿಮ್ಮ ಅಕ್ಷರ ಚಂದ ಉಂಟಲ್ಲ ಭಟ್ರೇ, ಬೋರ್ಡಿನ ಹಾಗೆ ದೊಡ್ಡದು ಮಾಡಿ ಬರೆದು ಕೊಡಿ."

"ಬೋರ್ಡಿನ ಹಾಗೆ ಬರೆದ್ರೆ ಒಂಬತ್ತೇ ಜನ ಬಂದಾರು," ಎಂದಳು ನನ್ನ ಹೆಂಡತಿ.

ಉಡುಪಿಯವನಾದ ನನಗೆ ಕೊಂಕಣಿ ತಕ್ಕಮಟ್ಟಿಗೆ ತಿಳಿಯುತ್ತದೆ. ಬರೆಯುತ್ತ ಹೋದಂತೆ ಅರ್ಥ ಬಿಚ್ಚಿಕೊಂಡಿತು: ಪ್ರವಾದಿ ಹೇಳುವ ದೇವರ ಸೇವಕನಿಗೆ ರೂಪವಿಲ್ಲ, ಚೆಲುವಿಲ್ಲ, ಅವನನ್ನು ಕಂಡು ಜನ ಮುಖ ಮರೆಮಾಡಿಕೊಳ್ಳುತ್ತಾರೆ. ನನ್ನ ಪೆನ್ನು ನಿಂತಿತು. ಇದನ್ನು ಆ ಮುಖ ಹೊತ್ತವರು ತುಂಬಿದ ಇಗರ್ಜಿಯಲ್ಲಿ ನಿಂತು ಓದುವುದೇ? ನೀವೇ ಹೇಳಿ. ಎರಡು ಸಾಲು ಬಿಟ್ಟೆ. ಉಳಿದದ್ದನ್ನು ಇನ್ನಷ್ಟು ದುಂಡಗೆ ಬರೆದೆ. ಪುಣ್ಯದ ಕೆಲಸವೆಂದೇ ಭಾವಿಸಿದ್ದೆ.

ಶುಕ್ರವಾರ ಬೆಳಿಗ್ಗೆ ಲಾರೆನ್ಸರು ಹಾಳೆ ಹಿಡಿದು ಮೆಟ್ಟಿಲು ಹತ್ತಿ ಬಂದರು.

"ನೋಡ್ಲಿಕ್ಕೆ ಚಂದ ಉಂಟು. ಎರಡು ಸಾಲು ಎಲ್ಲಿ ಭಟ್ರೇ?"

"ಬರೆಯುವಾಗ ಕಾಣಲಿಲ್ಲ..." ಎಂದೆ, ಅವರ ಅಂಗಿಯ ಎರಡನೆಯ ಗುಂಡಿಯನ್ನು ನೋಡುತ್ತ.

"ಒಂದು ಕಣ್ಣಿನ ನನಗೆ ಕಾಣ್ತದೆ, ಎರಡಿರುವ ನಿಮಗೆ ಕಾಣ್ಲಿಲ್ವಾ ಮಾರಾಯ್ರೆ!"

ಕುಳಿತು, ಕಾಫಿ ಕುಡಿಯುತ್ತ ವಿವರಿಸಿದರು. ಆ ಸೇವಕ ಏಸುವೇ ಎಂದು ಅವರ ನಂಬಿಕೆ; ಮೊದಮೊದಲ ಶತಮಾನಗಳ ಗುರುಗಳು ಈ ಸಾಲಿಗಾಗಿಯೇ ವಾದ ಮಾಡಿದ್ದಾರಂತೆ. ಜನ ಮುಖಕ್ಕೆ ಮರುಳಾಗದೆ ಮಾತು ಕೇಳಲೆಂದು ಏಸು ಕುರೂಪಿಯಾಗಿಯೇ ಬಂದನೆಂದು ಕೆಲವರು. ಮನುಷ್ಯರಲ್ಲೆಲ್ಲ ಚೆಲುವನೆಂದು ಕೀರ್ತನೆಯೊಂದು ಹೊಗಳುವ ಅರಸ ಅವನೇ ಎಂದು ಕೆಲವರು. ತಾಯ ಮಡಿಲಲ್ಲೂ ಶಿಲುಬೆಯ ಮೇಲೂ ಅವನು ಒಂದೇ ಸಮ ಸುಂದರನೆಂದು ಅವರ ನಂತರ ಬಂದವರೊಬ್ಬರು.

"ಯಾರು ಸರಿಯೋ ನನಗೆ ಗೊತ್ತಿಲ್ಲ. ಆದ್ರೆ ಈ ಸಾಲು ತೆಗೆದ್ರೆ ಅದು ಯಾರೋ ಚಂದದವನ ಕಥೆ ಆಗ್ತದೆ. ಇಪ್ಪತ್ತು ವರ್ಷ ಬಾಯಲ್ಲಿ ಓದಿದೆ ಭಟ್ರೇ. ಈ ವರ್ಷ ಗೊತ್ತಿದ್ದು ಓದುವ ಅಂತ ಇದ್ದೆ."

ಎಂಟು ತಿಂಗಳು ನಾನು ಆ ಗುಂಡಿಯೊಡನೆಯೇ ಮಾತಾಡಿದ್ದೆನೆಂಬುದು ಆಗ ಹೊಳೆಯಿತು. ನಾನು ಬಿಟ್ಟ ಸಾಲಿನಲ್ಲಿ ಮುಖ ಮರೆಮಾಡಿಕೊಂಡವರ ಪೈಕಿ ನಾನೂ ಒಬ್ಬನಿದ್ದೆ. ಪೆನ್ನು ತಂದೆ. ಹಾಳೆಯಲ್ಲಿ ಜಾಗವೆಲ್ಲಿ? ಬಲ ಅಂಚಿನಲ್ಲಿ ಓರೆಯಾಗಿ ತುರುಕಿದೆ.

ಮಧ್ಯಾಹ್ನ ಮೂರಕ್ಕೆ ಲಾರೆನ್ಸರು ಕಂಬದ ಹಿಂದಿನಿಂದ ಎದ್ದು ಮುಂದೆ ನಡೆದರು. ನಾನೂ ಹಿಂದಿನ ಸಾಲಿನಲ್ಲಿದ್ದೆ. ನಾನು ಬಿಟ್ಟಿದ್ದ ಸಾಲಿನ ಜಾಗ ಬಂದಾಗ, ಅಂಚಿನ ಅಕ್ಷರ ಹಿಡಿಯಲು ಅವರು ತಲೆಯನ್ನು ಬಲಕ್ಕೆ ತಿರುಗಿಸಬೇಕಾಯಿತು. ಸುಟ್ಟ ಕೆನ್ನೆ ಪೂರ್ತಿಯಾಗಿ ನಮ್ಮ ಕಡೆಗಾಯಿತು. ನಿಧಾನವಾಗಿ, ಒಂದೊಂದೇ ಪದ ಓದಿದರು. ನಾನು ಗುಂಡಿಯಿಂದ ಕಣ್ಣೆತ್ತಿದೆ, ಮತ್ತೆ ಇಳಿಸಲಿಲ್ಲ.

ಜೀವಮಾನದಲ್ಲಿ ನಾನು ಬರೆದ ಅತ್ಯಂತ ಸೊಟ್ಟ ಅಕ್ಷರಗಳು ಅವು. ಯಾರೂ ನೋಡಲಿಲ್ಲ, ಎಲ್ಲರೂ ಕೇಳಿದರು.